ಕತ್ತಿವರಸೆಯನ್ನು ಪುಸ್ತಕದಿಂದ ಕಲಿಯಬಹುದೇ?

ಯುರೋಪಿನಲ್ಲಿ ಉಳಿದುಬಂದಿರುವ ಕತ್ತಿವರಸೆಯ ಪುಸ್ತಕಗಳಲ್ಲಿ ಅತ್ಯಂತ ಹಳೆಯದು ಇಂಗ್ಲೆಂಡಿನ ಲೀಡ್ಸ್ ನಗರದ ರಾಯಲ್ ಆರ್ಮರೀಸ್ ವಸ್ತುಸಂಗ್ರಹಾಲಯದಲ್ಲಿದೆ. ಹದಿನಾಲ್ಕನೆಯ ಶತಮಾನದ ಆರಂಭದ ಹೊತ್ತಿಗೆ ಜರ್ಮನಿಯ ಫ್ರಾಂಕೋನಿಯಾ ಸೀಮೆಯಲ್ಲಿ ಸಿದ್ಧವಾದ, 32 ಚರ್ಮದ ಹಾಳೆಗಳ ಸಣ್ಣ ಹಸ್ತಪ್ರತಿ ಅದು. ಸಂಗ್ರಹದ ಪಟ್ಟಿಯಲ್ಲಿನ ಗುರುತಿನಿಂದಲೇ ಎಲ್ಲರೂ ಅದನ್ನು ಕರೆಯುತ್ತಾರೆ: ಐ.33. ಪುಟ ಪುಟದಲ್ಲೂ ಇಬ್ಬರು ಎದುರುಬದುರು ನಿಂತಿದ್ದಾರೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಊಟದ ತಟ್ಟೆಯಷ್ಟಗಲದ ದುಂಡು ಗುರಾಣಿ. ಕಲಿಸುತ್ತಿರುವವನು ನೆತ್ತಿ ಬೋಳಿಸಿಕೊಂಡ ಪಾದ್ರಿ, ಕಲಿಯುತ್ತಿರುವವನು ಅವನ ಶಿಷ್ಯ. ಕೊನೆಯ ಪುಟಗಳಿಗೆ ಬಂದರೆ ಶಿಷ್ಯನ ಜಾಗದಲ್ಲಿ ವಾಲ್ಪುರ್ಗಿಸ್ ಎಂಬ ಹೆಂಗಸು ನಿಂತಿದ್ದಾಳೆ. ಅವಳು ಯಾರು, ಅಲ್ಲಿಗೆ ಹೇಗೆ ಬಂದಳು ಎಂದು ಪುಸ್ತಕ ಒಂದು ಮಾತೂ ಆಡುವುದಿಲ್ಲ. ಹೆಂಗಸು ಕತ್ತಿ ಹಿಡಿಯುವುದರಲ್ಲಿ ವಿವರಿಸಬೇಕಾದ್ದೇನೂ ಇಲ್ಲವೆಂಬಂತೆ ಪಾಠ ಮುಂದುವರಿಯುತ್ತದೆ.

ಸಿನಿಮಾಗಳು ನಮಗೆ ಕೊಟ್ಟಿರುವ ಮಧ್ಯಯುಗದ ಯುರೋಪಿನಲ್ಲಿ ಈ ಪಾದ್ರಿಗೂ ಈ ಹೆಂಗಸಿಗೂ ಜಾಗವಿಲ್ಲ. ಅಲ್ಲಿರುವುದು ಕಬ್ಬಿಣದ ಪೆಟ್ಟಿಗೆಯಂಥ ಕವಚ ತೊಟ್ಟು, ಎತ್ತಲಾರದ ಕತ್ತಿಯನ್ನು ಎರಡೂ ಕೈಯಲ್ಲಿ ಎತ್ತಿ, ಸೌದೆ ಒಡೆಯುವವನಂತೆ ಬೀಸುವ ಯೋಧ. ನಿಜಕ್ಕೂ ಆ ಕಾಲದ ಒಂಟಿಗೈ ಕತ್ತಿಗಳು ಸಾಮಾನ್ಯವಾಗಿ ಒಂದು ಕಿಲೋ ಆಸುಪಾಸಿನಲ್ಲಿ ತೂಗುತ್ತವೆ. ಎರಡು ಕೈಯಲ್ಲಿ ಹಿಡಿಯುವ ಉದ್ದಗತ್ತಿಯೂ ಬಹುಪಾಲು ಒಂದೂವರೆ ಕಿಲೋ ದಾಟುವುದಿಲ್ಲ. ಒಂದು ತುಂಬಿದ ನೀರಿನ ಬಾಟಲಿಯ ಭಾರ. ಅದರಲ್ಲೂ ಹೆಚ್ಚಿನ ತೂಕ ಹಿಡಿಯ ಕಡೆಗೇ ಕೂತಿರುವುದರಿಂದ ಮೊನೆ ಚುರುಕಾಗಿ ತಿರುಗುತ್ತದೆ. ಅಂಥ ಆಯುಧಕ್ಕೆ ತೋಳಿನ ಬಲ ಸಾಲದು, ವಿದ್ಯೆ ಬೇಕು. ಆ ವಿದ್ಯೆ ಅಲ್ಲಿ ಇತ್ತು, ಬರಹದಲ್ಲೂ ಇತ್ತು. ಇಂಥ ಹಲವಾರು ಹಸ್ತಪ್ರತಿಗಳು ಯುರೋಪಿನ ಗ್ರಂಥಾಲಯಗಳಲ್ಲಿ ಉಳಿದಿವೆ.

ಇಲ್ಲದ್ದು ಒಂದೇ: ಗುರು. ನಮ್ಮ ಗರಡಿಮನೆಯಲ್ಲಿ ಹುಡುಗ ಪಟ್ಟು ಹಾಕುವಾಗ ಉಸ್ತಾದರು ಪಕ್ಕದಲ್ಲೇ ಇರುತ್ತಾರೆ. ಮೊಣಕಾಲು ಬಗ್ಗಿದ್ದು ಸಾಲದಿದ್ದರೆ ಕಾಲಿಗೊಂದು ಏಟು ಬೀಳುತ್ತದೆ. ಆ ಉಸ್ತಾದರಿಗೂ ಒಬ್ಬ ಉಸ್ತಾದರಿದ್ದರು. ಯುರೋಪಿನ ಉದ್ದಗತ್ತಿಯ ವಿದ್ಯೆಯಲ್ಲಿ ಈ ಸರಪಳಿ ಹದಿನೇಳನೆಯ ಶತಮಾನದ ಹೊತ್ತಿಗೆ ಕಡಿದುಹೋಯಿತು. ಕಳೆದ ಮೂರು ದಶಕಗಳಿಂದ ಹಲವು ದೇಶಗಳಲ್ಲಿ ಸಾವಿರಾರು ಜನ ಈ ಹಳೆಯ ಪುಸ್ತಕಗಳನ್ನು ಮುಂದಿಟ್ಟುಕೊಂಡು ಆ ವಿದ್ಯೆಯನ್ನು ಮತ್ತೆ ಕೈಗೆ ತಂದುಕೊಳ್ಳಲು ಹೆಣಗುತ್ತಿದ್ದಾರೆ. ಇದು ಹವ್ಯಾಸಿಗಳ ಮೋಜಿನಂತೆ ಕಂಡರೂ ಅದರ ಹಿಂದೆ ಇತಿಹಾಸದ ವಿದ್ಯಾರ್ಥಿಗಳೆಲ್ಲ ಎದುರಿಸಬೇಕಾದ ಒಂದು ಪ್ರಶ್ನೆಯಿದೆ. ದೇಹದಲ್ಲಿದ್ದ ವಿದ್ಯೆಯನ್ನು ಅಕ್ಷರ ಎಷ್ಟರಮಟ್ಟಿಗೆ ಕಾಪಾಡಬಲ್ಲದು?

*

ಜರ್ಮನ್ ಪರಂಪರೆಯ ಮೂಲಪುರುಷ ಯೋಹಾನೆಸ್ ಲೀಖ್ಟೆನಾವರ್. ಹದಿನಾಲ್ಕನೆಯ ಶತಮಾನದವನೆಂದು ಊಹಿಸಲಾಗುವ ಈ ಗುರುವಿನ ಜೀವನದ ಬಗ್ಗೆ ಸಿಗುವ ಮಾಹಿತಿ ತೀರಾ ಕಡಿಮೆ. ಅವನ ಹೆಸರಿನಲ್ಲಿ ಉಳಿದಿರುವುದು ಪ್ರಾಸಬದ್ಧವಾದ ಒಂದಿಷ್ಟು ಪದ್ಯಗಳು. ಅವುಗಳಿಗೆ ‘ತ್ಸೆಟೆಲ್’ ಎಂದು ಹೆಸರು, ಅಂದರೆ ಚೀಟಿ. ಈ ಪದ್ಯಗಳನ್ನು ಮಾತ್ರ ಓದಿದವನಿಗೆ ಕತ್ತಿಯ ಯಾವ ತುದಿ ಹಿಡಿಯಬೇಕೆಂಬುದೂ ತಿಳಿಯುವುದಿಲ್ಲ. ಹಾಗೆ ತಿಳಿಯಬಾರದೆಂದೇ ಅವುಗಳನ್ನು ಬರೆದದ್ದು. ವಿದ್ಯೆ ಎಲ್ಲರ ಕೈಗೂ ಸಿಕ್ಕಿ ಹಗುರಾಗಬಾರದೆಂದು ಗುರು ಗೂಢವಾದ ಮಾತುಗಳಲ್ಲಿ ಬಚ್ಚಿಟ್ಟನೆಂದು ಮುಂದಿನ ತಲೆಮಾರಿನವರೇ ಹೇಳಿದ್ದಾರೆ. ಶಿಷ್ಯ ಪದ್ಯವನ್ನು ಬಾಯಿಪಾಠ ಮಾಡುತ್ತಿದ್ದ, ಗುರು ಅದರ ಅರ್ಥವನ್ನು ಅಂಗಳದಲ್ಲಿ ಕೈಯಾರೆ ತೋರಿಸುತ್ತಿದ್ದ.

ಸೂತ್ರ ಮತ್ತು ವ್ಯಾಖ್ಯಾನದ ಕ್ರಮ ಬಲ್ಲ ನಮಗೆ ಇದು ಹೊಸದೇನಲ್ಲ. ಸೂತ್ರ ಇರುವುದೇ ನೆನಪಿಗೆ, ಬಿಡಿಸಿ ಹೇಳುವುದಕ್ಕೆ ಗುರು ಬೇಕು. ಗುರುವಿನಿಂದ ದೂರವಾದ ಮೇಲೆ ಭಾಷ್ಯ ಬೇಕಾಗುತ್ತದೆ. ಇಲ್ಲೂ ಹಾಗೆಯೇ ಆಯಿತು. ಹದಿನೈದನೆಯ ಶತಮಾನದಲ್ಲಿ ಆಲ್ಬ್ರೆಖ್ಟ್ ಎಂಬ ಬವೇರಿಯಾದ ದೊರೆಯ ಬಳಿ ಕತ್ತಿವರಸೆಯ ಗುರುವಾಗಿದ್ದ ಜಿಗ್ಮುಂಡ್ ರಿಂಗೆಕ್ ಪದ್ಯಗಳಿಗೆ ಸಾಲು ಸಾಲಾಗಿ ವ್ಯಾಖ್ಯಾನ ಬರೆದ. 1452ರ ಒಂದು ಹಸ್ತಪ್ರತಿಯಲ್ಲಿ ಇನ್ನೂ ಬೇರೆ ವ್ಯಾಖ್ಯಾನಗಳು ಸಿಗುತ್ತವೆ. ಇಂದು ಲೀಖ್ಟೆನಾವರನ ವಿದ್ಯೆಯೆಂದು ನಮಗೆ ಗೊತ್ತಿರುವುದರಲ್ಲಿ ಬಹುಭಾಗ ಈ ಭಾಷ್ಯಕಾರರ ಮೂಲಕ ಬಂದದ್ದು.

ಆ ವಿದ್ಯೆಯ ತಿರುಳು ಇಷ್ಟು. ನಿಲ್ಲುವುದಕ್ಕೆ ನಾಲ್ಕು ಮುಖ್ಯ ಭಂಗಿಗಳು. ಹಿಡಿಯನ್ನು ಕಿವಿಯ ಪಕ್ಕಕ್ಕೆ ಎತ್ತಿ ಮೊನೆಯನ್ನು ಎದುರಾಳಿಯ ಮುಖಕ್ಕೆ ಚಾಚಿದರೆ ‘ಎತ್ತು’. ಮೊನೆ ಅದರ ಕೋಡು. ಹಿಡಿಯನ್ನು ಸೊಂಟದ ಬಳಿ ಇಟ್ಟುಕೊಂಡರೆ ‘ನೇಗಿಲು’. ಮೇಳಿ ಹಿಡಿದವನ ನಿಲುವೇ ಅದು. ಮೊನೆಯನ್ನು ನೆಲಕ್ಕೆ ಇಳಿಬಿಟ್ಟು ಎದೆ ತೆರೆದು ನಿಂತರೆ ‘ಪೆದ್ದ’. ಪೆದ್ದನೆಂದು ತಿಳಿದು ನುಗ್ಗಿದವನು ಕೆಡುತ್ತಾನೆ. ಕತ್ತಿಯನ್ನು ಹೆಗಲಿಗೋ ತಲೆಯ ಮೇಲಕ್ಕೋ ಎತ್ತಿ ಹಿಡಿದರೆ ನಾಲ್ಕನೆಯದು. ಹೆಸರುಗಳಲ್ಲಿ ಎರಡು ಹೊಲದಿಂದ ಬಂದವು. ಕತ್ತಿ ಹಿಡಿದವರಿಗೆ ಎತ್ತು ನೇಗಿಲುಗಳ ಪರಿಚಯ ಚೆನ್ನಾಗಿಯೇ ಇತ್ತು.

ಇದಕ್ಕಿಂತ ಸೂಕ್ಷ್ಮವಾದದ್ದು ಮುಂದಿದೆ. ಎರಡು ಕತ್ತಿಗಳು ಬಡಿದುಕೊಂಡ ಕ್ಷಣದಲ್ಲಿ ಸಿನಿಮಾದ ಯೋಧರು ಹಿಂದೆ ಸರಿದು ಮತ್ತೆ ಬೀಸುತ್ತಾರೆ. ಲೀಖ್ಟೆನಾವರನ ಶಿಷ್ಯರಿಗೆ ನಿಜವಾದ ಕೆಲಸ ಶುರುವಾಗುವುದೇ ಅಲ್ಲಿ. ಅಲಗಿಗೆ ಅಲಗು ತಾಗಿಕೊಂಡಿರುವಾಗ ಎದುರಾಳಿಯ ಬಲ ಎಷ್ಟು, ಯಾವ ಕಡೆಗೆ ಒತ್ತುತ್ತಿದ್ದಾನೆ ಎಂಬುದು ಕತ್ತಿಯ ಮೂಲಕವೇ ಅಂಗೈಗೆ ತಿಳಿಯುತ್ತದೆ. ಇದಕ್ಕೆ ಅವರ ಮಾತು ‘ಫ್ಯೂಲೆನ್’, ಅಂದರೆ ಸ್ಪರ್ಶದಿಂದ ಅರಿಯುವುದು. ಅಲಗಿನ ಹಿಡಿಯ ಕಡೆಯ ಅರ್ಧ ಬಲವಾದದ್ದು, ಮೊನೆಯ ಕಡೆಯ ಅರ್ಧ ದುರ್ಬಲ. ಎದುರಾಳಿ ಮೇಲಿಂದ ಓರೆಯಾಗಿ ಕಡಿದರೆ ನೀನೂ ಹಾಗೆಯೇ ಕಡಿ. ಇದು ‘ಕೋಪದ ಹೊಡೆತ’. ಕತ್ತಿಗಳು ಸೇರಿದಾಗ ಅವನು ಮೆತ್ತಗಿದ್ದರೆ ಮೊನೆಯನ್ನು ನೇರ ಮುಖಕ್ಕೆ ಇರಿ. ಅವನು ಗಟ್ಟಿಯಾಗಿ ಒತ್ತಿದರೆ ಎದುರಿಸಬೇಡ, ಮೇಲಕ್ಕೆ ಎತ್ತಿಕೊಂಡು ಇನ್ನೊಂದು ಮಗ್ಗುಲಿಗೆ ಹೊಡೆ. ಬಲಕ್ಕೆ ಬಲ ಕೊಡದೆ, ಅವನ ಬಲವನ್ನೇ ಅವನಿಗೆ ತೊಡಕಾಗಿಸುವ ಲೆಕ್ಕಾಚಾರ ಇದು. ಕಾಲಕ್ಕೂ ಅವರಲ್ಲಿ ಮೂರು ಮಾತುಗಳಿವೆ: ಮೊದಲು, ಆಮೇಲೆ, ಅಷ್ಟರಲ್ಲಿ. ನೀನು ಮೊದಲು ಹೊಡೆದು ಅವನನ್ನು ಉತ್ತರ ಕೊಡುವ ಸ್ಥಿತಿಗೆ ತಂದರೆ ‘ಮೊದಲು’ ನಿನ್ನದು. ಅವನ ಹೊಡೆತಕ್ಕೆ ನೀನು ಉತ್ತರಿಸುತ್ತಿದ್ದರೆ ನೀನು ‘ಆಮೇಲೆ’ಯಲ್ಲಿದ್ದೀಯ. ಸ್ಪರ್ಶದಿಂದ ತಿಳಿದ ಆ ಗಳಿಗೆಯಲ್ಲೇ ಸೋಲನ್ನು ತಿರುಗಿಸುವುದು ‘ಅಷ್ಟರಲ್ಲಿ’. ಇದನ್ನು ಕಾಗದದ ಮೇಲೆ ಅರ್ಥಮಾಡಿಕೊಳ್ಳುವುದು ಸುಲಭ. ಕೈಗೆ ಅರ್ಥವಾಗುವುದಕ್ಕೆ ವರ್ಷಗಳೇ ಬೇಕು.

ಈ ಮಾತನ್ನು ಆ ಕಾಲದವರೇ ಹೇಳಿಬಿಟ್ಟಿದ್ದಾರೆ. ನ್ಯೂರೆಂಬರ್ಗ್‌ನ ಜರ್ಮನ್ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಒಂದು ಹಸ್ತಪ್ರತಿಯಿದೆ. ಕಬ್ಬಿಣಕ್ಕೆ ಹದ ಕೊಡುವ ವಿಧಾನ, ಔಷಧಿ, ಮಂತ್ರ ತಂತ್ರಗಳ ನಡುವೆ ಲೀಖ್ಟೆನಾವರನ ಪದ್ಯಗಳು ಮತ್ತು ಅವುಗಳ ವಿವರಣೆ ಅದರಲ್ಲಿವೆ. ಅದರೊಳಗಿನ ಪಂಚಾಂಗವನ್ನು ನೋಡಿ 1389ರದೆಂದು ಬಹುಕಾಲ ನಂಬಲಾಗಿತ್ತು. ಈಗ ಕೆಲವು ವಿದ್ವಾಂಸರು ಅದನ್ನು ಹದಿನೈದನೆಯ ಶತಮಾನಕ್ಕೆ ತರುತ್ತಾರೆ. ಅದನ್ನು ಬರೆದ ಅನಾಮಿಕನ ಪ್ರಕಾರ ಕತ್ತಿವರಸೆಯನ್ನು ಕೈಯಿಂದ ತೋರಿಸಿದಷ್ಟು ಚೆನ್ನಾಗಿ ಮಾತಿನಲ್ಲಾಗಲಿ ಬರಹದಲ್ಲಾಗಲಿ ವಿವರಿಸಲಾಗದು. ಹೀಗೆ ಹೇಳಿಯೂ ಅವನು ಪುಟಗಟ್ಟಲೆ ಬರೆದ. ಆಗದು ಎಂದು ಗೊತ್ತಿದ್ದ ಕೆಲಸವನ್ನು ಅವನು ಮಾಡಿದ್ದರಿಂದಲೇ ಇವತ್ತು ನಮ್ಮ ಕೈಯಲ್ಲಿ ಇಷ್ಟಾದರೂ ಇದೆ.

*

ಇದಕ್ಕೆ ಎದುರು ಮಾತು ಆಲ್ಪ್ಸ್ ಪರ್ವತದ ಆಚೆಯಿಂದ ಬರುತ್ತದೆ. ಇಟಲಿಯ ಈಶಾನ್ಯ ಮೂಲೆಯ ಫ್ರಿಯೂಲಿ ಸೀಮೆಯವನಾದ ಫಿಯೋರೆ ದೇಯಿ ಲಿಬೇರಿ 1409ರ ಸುಮಾರಿಗೆ ಫೆರಾರಾದ ದೊರೆ ಮೂರನೆಯ ನಿಕೊಲೊ ದ ಎಸ್ತೆಗೆ ಒಂದು ಗ್ರಂಥವನ್ನು ಅರ್ಪಿಸಿದ. ಅದರ ಹೆಸರು ‘ಯುದ್ಧದ ಹೂವು’. ಈ ವಿದ್ಯೆ ಎಷ್ಟು ದೊಡ್ಡದೆಂದರೆ ಪುಸ್ತಕವಿಲ್ಲದೆ ಯಾರೂ ಒಳ್ಳೆಯ ಗುರುವೂ ಆಗಲಾರ, ಒಳ್ಳೆಯ ಶಿಷ್ಯನೂ ಆಗಲಾರ ಎಂಬುದು ಅವನ ನಿಲುವು. ಇಷ್ಟನ್ನೆಲ್ಲ ನೆನಪಿಡಬಲ್ಲ ತಲೆ ಮನುಷ್ಯನಿಗಿಲ್ಲವೆಂದು ಅವನ ವಾದ.

ಫಿಯೋರೆ ಪುಸ್ತಕದ ಮಿತಿಯನ್ನು ಚಿತ್ರದಿಂದ ದಾಟಲು ನೋಡಿದ. ಅವನ ಹಸ್ತಪ್ರತಿಗಳಲ್ಲಿ ಕಿರೀಟ ತೊಟ್ಟವನು ಗುರು. ಮೊಣಕಾಲಿನ ಕೆಳಗೆ ಪಟ್ಟಿ ಕಟ್ಟಿಕೊಂಡವನು ಆ ಗುರುವಿನ ಪಟ್ಟನ್ನು ಮುಂದುವರಿಸುವ ಶಿಷ್ಯ. ಕಿರೀಟ ಮತ್ತು ಪಟ್ಟಿ ಎರಡೂ ಇದ್ದವನು ಅದಕ್ಕೆ ಪ್ರತಿಪಟ್ಟು ಹಾಕುವವನು. ಓದು ಬಾರದವನೂ ಚಿತ್ರಗಳನ್ನು ಸಾಲಾಗಿ ನೋಡಿ ಯಾರು ಗೆಲ್ಲುತ್ತಿದ್ದಾರೆಂದು ಹೇಳಬಹುದು. ಒಂದು ಪುಟದಲ್ಲಿ ಮನುಷ್ಯನೊಬ್ಬನ ಸುತ್ತ ನಾಲ್ಕು ಪ್ರಾಣಿಗಳಿವೆ. ಅಳತೆಯ ಕೈವಾರ ಹಿಡಿದ ಲಿಂಕ್ಸ್ ಎಂಬ ಕಾಡುಬೆಕ್ಕು ವಿವೇಕಕ್ಕೆ, ಬಾಣ ಹಿಡಿದ ಹುಲಿ ವೇಗಕ್ಕೆ, ಹೃದಯ ಹಿಡಿದ ಸಿಂಹ ಧೈರ್ಯಕ್ಕೆ. ಕಾಲ ಬುಡದಲ್ಲಿ ಆನೆ, ಅದರ ಬೆನ್ನ ಮೇಲೆ ಒಂದು ಕೋಟೆ. ಅಂಬಾರಿ ಕಂಡ ನಮ್ಮ ಕಣ್ಣಿಗೆ ಆ ಚಿತ್ರ ಥಟ್ಟನೆ ಹಿಡಿಸುತ್ತದೆ. ಎಷ್ಟು ಭಾರ ಹೊತ್ತರೂ ಕಾಲು ತಪ್ಪದಿರುವುದೇ ಅಲ್ಲಿ ಬಲದ ಅರ್ಥ.

ಇದೇ ಫಿಯೋರೆ ತನ್ನ ವಿದ್ಯೆಯನ್ನು ಬಹಳ ಗುಟ್ಟಾಗಿ ಕಲಿಸಿದವನು. ಪಾಠದ ಹೊತ್ತಿನಲ್ಲಿ ಹೊರಗಿನವರಿಗೆ ಪ್ರವೇಶವಿರಲಿಲ್ಲ. ಬೇರೆ ಗುರುಗಳೊಂದಿಗೆ ವಿದ್ಯೆ ಹಂಚಿಕೊಳ್ಳಲು ಒಪ್ಪದ ಕಾರಣಕ್ಕೆ ತಾನು ಪರಸ್ಥಳಗಳಲ್ಲಿ, ನೆಂಟರು ಗೆಳೆಯರು ಯಾರೂ ಇಲ್ಲದ ಕಡೆ, ಐದು ಸಲ ಹರಿತವಾದ ಕತ್ತಿಯಿಂದ ಹೋರಾಡಬೇಕಾಯಿತೆಂದು ಅವನೇ ಬರೆದುಕೊಂಡಿದ್ದಾನೆ. ಮೈಮೇಲೆ ದಪ್ಪ ಬಟ್ಟೆಯ ಅಂಗಿ, ಕೈಗೆ ಚರ್ಮದ ಕೈಗವಸು, ಬೇರೆ ರಕ್ಷಣೆಯಿಲ್ಲ. ಕವಚ ತೊಟ್ಟು ಅಖಾಡದಲ್ಲಿ ಮೂರು ಸಲ ಬೇಕಾದರೂ ಹೋರಾಡಬಹುದು, ಹೀಗೆ ಒಂದು ಸಲ ನಿಲ್ಲುವುದು ಅದಕ್ಕಿಂತ ಕಷ್ಟ ಎನ್ನುತ್ತಾನೆ. ಕವಚದಲ್ಲಿದ್ದವನಿಗೆ ನಾಲ್ಕು ಏಟು ಬಿದ್ದರೂ ಗೆಲ್ಲುವ ಅವಕಾಶವುಂಟು. ಕವಚವಿಲ್ಲದವನು ಒಂದೇ ಒಂದು ಹೊಡೆತವನ್ನು ತಡೆಯಲು ತಪ್ಪಿದರೆ ಮುಗಿಯಿತು.

ಈ ವಿದ್ಯೆಗೆ ಬೆಲೆ ಬಂದದ್ದು ಯುದ್ಧಭೂಮಿಯಿಂದ ಮಾತ್ರವಲ್ಲ. ಸಾಕ್ಷಿಗಳಿಲ್ಲದ ಮೊಕದ್ದಮೆಯನ್ನು ದ್ವಂದ್ವಯುದ್ಧದಿಂದ ತೀರ್ಮಾನಿಸುವ ಪದ್ಧತಿ ಯುರೋಪಿನ ಹಲವೆಡೆ ಇತ್ತು. ನಮ್ಮ ಶಾಸನಗಳಲ್ಲಿ ಬರುವ ‘ದಿವ್ಯ’ದ ಹಾಗೆ, ದೇವರು ಸತ್ಯವಂತನ ಕೈ ಬಿಡುವುದಿಲ್ಲವೆಂಬ ನಂಬಿಕೆ ಅದರ ಬುನಾದಿ. 1386ರ ಡಿಸೆಂಬರ್ 29ರಂದು ಪ್ಯಾರಿಸ್ಸಿನಲ್ಲಿ ಜಾನ್ ದ ಕರೂಜ್ ಎಂಬ ಸರದಾರ, ತನ್ನ ಹೆಂಡತಿ ಮಾರ್ಗರೀತಳ ಮೇಲೆ ಅತ್ಯಾಚಾರ ಮಾಡಿದನೆಂದು ಆರೋಪಿಸಿ ಜಾಕ್ ಲ ಗ್ರಿಯೊಂದಿಗೆ ಹೀಗೆ ಹೋರಾಡಿ ಅವನನ್ನು ಕೊಂದ. ಗಂಡ ಸೋತಿದ್ದರೆ ಸುಳ್ಳು ಹೇಳಿದಳೆಂದು ಮಾರ್ಗರೀತಳನ್ನು ಜೀವಂತ ಸುಡುತ್ತಿದ್ದರು. ಹದಿನೈದನೆಯ ಶತಮಾನದ ಗುರು ಹಾನ್ಸ್ ಟಾಲ್‌ಹೋಫರ್‌ನ ಪುಸ್ತಕದಲ್ಲಿ ಗಂಡಸು ಹೆಂಗಸರ ನಡುವಿನ ನ್ಯಾಯಯುದ್ಧದ ಚಿತ್ರಗಳೇ ಇವೆ: ಗಂಡಸು ಸೊಂಟದವರೆಗೆ ಗುಂಡಿಯಲ್ಲಿ ನಿಂತು ದೊಣ್ಣೆ ಹಿಡಿದಿದ್ದಾನೆ, ಹೆಂಗಸು ಬಟ್ಟೆಯಲ್ಲಿ ಕಲ್ಲು ಕಟ್ಟಿ ಬೀಸುತ್ತಾಳೆ. ಇಂಥ ದಿನದ ಮುಂಚಿನ ವಾರಗಳಲ್ಲಿ ಒಬ್ಬ ಗುರುವಿನ ಪಾಠಕ್ಕೆ ಎಂಥ ಬೆಲೆಯಿತ್ತೆಂದು ಊಹಿಸಬಹುದು. ಗುಟ್ಟಿಗೆ ಕಾರಣವೂ ಅದೇ. ನಿನ್ನ ಪಟ್ಟು ಎದುರಾಳಿಗೆ ಗೊತ್ತಾದರೆ ಹೋಗುವುದು ನಿನ್ನ ಪ್ರಾಣ.

*

ಕಾಲ ಸರಿದಂತೆ ಈ ವಿದ್ಯೆ ಊರಿನ ಕಸುಬುದಾರರ ಕೈಗೆ ಬಂತು. 1487ರಲ್ಲಿ ಚಕ್ರವರ್ತಿ ಮೂರನೆಯ ಫ್ರೆಡರಿಕ್ ‘ಮಾರ್ಕ್ಸ್‌ಬ್ರೂಡರ್’ ಎಂಬ ಸಂಘಕ್ಕೆ ಸನ್ನದು ಕೊಟ್ಟ. ಉದ್ದಗತ್ತಿಯ ಗುರುವೆಂದು ಹೇಳಿಕೊಳ್ಳಬೇಕಾದವನು ಫ್ರಾಂಕ್‌ಫರ್ಟ್ ಜಾತ್ರೆಯ ಹೊತ್ತಿಗೆ ಹೋಗಿ ಸಂಘದ ಗುರುಗಳೆದುರು ಪರೀಕ್ಷೆಗೆ ನಿಲ್ಲಬೇಕಿತ್ತು. ಬಂದೂಕು ಬಂದ ಮೇಲೆ ಉದ್ದಗತ್ತಿ ಮೆಲ್ಲಮೆಲ್ಲಗೆ ಆಟದ ಆಯುಧವಾಯಿತು. ಸ್ಪರ್ಧೆಗಳಲ್ಲಿ ಮೊನೆಯಿಂದ ಇರಿಯುವುದನ್ನು ಬಿಟ್ಟರು. ತಲೆಯ ಮೇಲೆ ರಕ್ತ ಬರುವಂತೆ ಹೊಡೆದವನು ಗೆದ್ದ ಲೆಕ್ಕ.

ವಿದ್ಯೆ ಮಂಕಾಗುವ ಈ ಹೊತ್ತಿನಲ್ಲೇ ಅದನ್ನು ಬರೆದಿಡುವ ಹಂಬಲ ತೀವ್ರವಾದದ್ದು ಕಾಣುತ್ತದೆ. ಆಗ್ಸ್‌ಬರ್ಗ್ ನಗರದ ಖಜಾನೆಯ ಅಧಿಕಾರಿ ಪೌಲುಸ್ ಹೆಕ್ಟರ್ ಮೈರ್ 1540ರ ದಶಕದಲ್ಲಿ ಹಳೆಯ ಹಸ್ತಪ್ರತಿಗಳನ್ನು ಕೊಂಡು ಕೂಡಿಹಾಕಿದ. ಅವುಗಳ ಸಾರವನ್ನೆಲ್ಲ ಸೇರಿಸಿ ಭಾರಿ ಸಂಪುಟಗಳನ್ನು ಸಿದ್ಧಪಡಿಸಿದ. ಚಿತ್ರಗಳು ತಪ್ಪಬಾರದೆಂದು ಪಳಗಿದ ಇಬ್ಬರನ್ನು ನೇಮಿಸಿಕೊಂಡು ಪಟ್ಟುಗಳನ್ನು ಹಾಕಿಸಿ ನೋಡಿದ. ಉದ್ದಗತ್ತಿಯ ಜೊತೆಗೆ ರೈತರ ಕುಡುಗೋಲು, ಕಾಳು ಬಡಿಯುವ ಕೋಲುಗಳ ವರಸೆಗಳಿಗೂ ಅದರಲ್ಲಿ ಜಾಗ ಸಿಕ್ಕಿತು. ಇಷ್ಟಕ್ಕೆಲ್ಲ ಹಣ ಎಲ್ಲಿಂದ ಬಂತೆಂಬುದು ಬಹಳ ವರ್ಷಗಳ ನಂತರ ತಿಳಿಯಿತು. ಊರಿನ ಬೊಕ್ಕಸದಿಂದ ಹಣ ನುಂಗಿದ ಅಪರಾಧಕ್ಕೆ 1579ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನ ಸಂಪುಟಗಳು ಡ್ರೆಸ್ಡನ್, ಮ್ಯೂನಿಕ್, ವಿಯೆನ್ನಾಗಳಲ್ಲಿ ಇಂದಿಗೂ ಸುರಕ್ಷಿತವಾಗಿವೆ.

ಸ್ಟ್ರಾಸ್‌ಬರ್ಗ್‌ನ ಯೋವಾಖಿಮ್ ಮೈಯರ್ ಚೂರಿ ಕತ್ತಿ ತಯಾರಿಸುವ ಕಸುಬಿನವನು, ಜೊತೆಗೆ ವರಸೆಯ ಗುರು. 1570ರಲ್ಲಿ ಸಾಲ ಮಾಡಿ, ಸೊಗಸಾದ ಮರದಚ್ಚಿನ ಚಿತ್ರಗಳೊಂದಿಗೆ ದೊಡ್ಡ ಪುಸ್ತಕ ಅಚ್ಚು ಹಾಕಿಸಿದ. ಹಿಂದಿನವರ ಗೂಢತೆ ಅದರಲ್ಲಿಲ್ಲ. ಕಲಿಯುವವನಿಗೆ ತಿಳಿಯಬೇಕೆಂದೇ ಬರೆದದ್ದು. ಶ್ವೆರಿನ್‌ನ ಆಸ್ಥಾನದಲ್ಲಿ ಕೆಲಸ ಸಿಕ್ಕಿತೆಂದು ಚಳಿಗಾಲದಲ್ಲಿ ಹೊರಟವನು ಅಲ್ಲಿಗೆ ತಲುಪಿದ ಸ್ವಲ್ಪದರಲ್ಲೇ, 1571ರ ಫೆಬ್ರವರಿಯಲ್ಲಿ, ತೀರಿಕೊಂಡ. ಹೆಂಡತಿಗೆ ಉಳಿದದ್ದು ಸಾಲ. ಪುಸ್ತಕ 1600ರಲ್ಲಿ ಮತ್ತೆ ಅಚ್ಚಾಯಿತು. ಇಂದು ಉದ್ದಗತ್ತಿ ಕಲಿಯುವವರು ಅತಿ ಹೆಚ್ಚು ತೆರೆಯುವ ಪುಸ್ತಕಗಳಲ್ಲಿ ಅದೂ ಒಂದು.

*

ಇವೆಲ್ಲ ಗ್ರಂಥಾಲಯಗಳಲ್ಲಿ ಮಲಗಿರುವಾಗ ಯುರೋಪು ತನ್ನ ಪೂರ್ವಿಕರ ಬಗ್ಗೆ ಬೇರೆಯೇ ಕಥೆ ಕಟ್ಟಿಕೊಂಡಿತು. 1885ರಲ್ಲಿ ಲಂಡನ್ನಿನ ಎಗರ್ಟನ್ ಕಾಸಲ್ ಕತ್ತಿವರಸೆಯ ಇತಿಹಾಸ ಬರೆದ. ಬಹಳ ಶ್ರಮದ ಕೆಲಸ. ಆದರೆ ಅವನ ದೃಷ್ಟಿಯಲ್ಲಿ ಮಧ್ಯಯುಗದವರದು ಬರೀ ತೋಳ್ಬಲದ ಒರಟುತನ. ಕಲೆ ಹುಟ್ಟಿದ್ದು ಅನಂತರ, ಪರಿಪೂರ್ಣವಾದದ್ದು ತನ್ನ ಕಾಲದ ಹಗುರ ಕತ್ತಿಯಲ್ಲಿ. ಇತಿಹಾಸವೆಂದರೆ ಮೆಟ್ಟಿಲು, ನಾವಿರುವುದು ಮೇಲಿನ ಮೆಟ್ಟಿಲಲ್ಲಿ ಎಂಬ ಆ ಶತಮಾನದ ನಂಬಿಕೆ ಕತ್ತಿಯನ್ನೂ ಬಿಡಲಿಲ್ಲ. ಇಂದಿನ ಸಿನಿಮಾಗಳ ಸೌದೆ ಒಡೆಯುವ ಯೋಧನ ಹಿಂದೆ ಇದೇ ನಂಬಿಕೆಯ ನೆರಳಿದೆ.

1990ರ ದಶಕದಲ್ಲಿ ಹಸ್ತಪ್ರತಿಗಳ ನಕಲುಗಳು ಕೈಯಿಂದ ಕೈಗೆ ಹರಿದಾಡತೊಡಗಿದವು. ಅಂತರ್ಜಾಲ ಬಂದ ಮೇಲೆ ಗ್ರಂಥಾಲಯಗಳೇ ಅವುಗಳನ್ನು ಎಲ್ಲರಿಗೂ ತೆರೆದಿಟ್ಟವು. ಓದಿದವರು ಮೊಂಡು ಕತ್ತಿ ಹಿಡಿದು ಒಬ್ಬರೆದುರು ಒಬ್ಬರು ನಿಂತರು. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 2006ರಲ್ಲಿ ಶುರುವಾದ ‘ಸ್ವೋರ್ಡ್‌ಫಿಶ್’ ಪಂದ್ಯದಂಥವು ಹುಟ್ಟಿಕೊಂಡವು. ಕೆಲಸದ ಕ್ರಮ ಹೀಗೆ: ಒಂದು ವಾಕ್ಯ ತೆಗೆದುಕೊಳ್ಳುವುದು, ಹಳೆಯ ಜರ್ಮನ್ ಕ್ರಿಯಾಪದದ ಅರ್ಥ ಚರ್ಚಿಸುವುದು, ನಿಧಾನವಾಗಿ ಮಾಡಿ ನೋಡುವುದು, ಆಮೇಲೆ ಒಪ್ಪಿಕೊಂಡು ನಿಲ್ಲದ ಎದುರಾಳಿಯ ಮೇಲೆ ಪೂರ್ಣ ವೇಗದಲ್ಲಿ ಪ್ರಯೋಗಿಸುವುದು. ನಡೆಯದಿದ್ದರೆ ಮತ್ತೆ ವಾಕ್ಯಕ್ಕೆ ವಾಪಸ್ಸು. ಚಿತ್ರ ಹಿಡಿದಿಡುವುದು ಒಂದು ಕ್ಷಣವನ್ನು ಮಾತ್ರ. ಅದರ ಹಿಂದಿನ ಹೆಜ್ಜೆ ಯಾವುದು, ಮುಂದಿನದು ಯಾವುದೆಂದು ದೇಹವೇ ಹುಡುಕಿಕೊಳ್ಳಬೇಕು. ಒಂದೇ ಸಾಲಿಗೆ ಮೂರು ಊರಿನ ಗುಂಪುಗಳು ಮೂರು ಬಗೆಯ ಹೊಡೆತ ಹೊಡೆಯುವುದೂ ಉಂಟು. ಆದರೂ ಅರ್ಥವೇ ಆಗದೆ ಬಿದ್ದಿದ್ದ ಎಷ್ಟೋ ಸಾಲುಗಳು ಕೈಯಲ್ಲಿ ಕತ್ತಿ ಬಂದಾಗ ತಾವಾಗಿ ಬಿಡಿಸಿಕೊಂಡಿವೆ. ಒರಟುತನದ ಕಥೆ ಸುಳ್ಳೆಂದು ಸಾಬೀತಾದದ್ದು ಗ್ರಂಥಾಲಯದ ಮೇಜಿನ ಮೇಲೆ ಎಷ್ಟೋ, ಅಭ್ಯಾಸದ ಅಂಗಳದಲ್ಲೂ ಅಷ್ಟೇ.

ಮರಳಿ ಬಾರದ್ದೂ ಒಂದಿದೆ. ಮುಖಕ್ಕೆ ಜಾಲರಿ, ಮೈಗೆ ದಪ್ಪ ಜಾಕೆಟ್, ಕೈಯಲ್ಲಿ ಬಾಗುವ ಮೊಂಡು ಕತ್ತಿ ಇರುವಾಗ ಇಬ್ಬರೂ ಒಟ್ಟಿಗೇ ನುಗ್ಗಿ ಒಟ್ಟಿಗೇ ಏಟು ತಿನ್ನುವುದು ಪಂದ್ಯಗಳಲ್ಲಿ ಆಗಾಗ ಕಾಣುತ್ತದೆ. ಅಂಕ ಹಂಚಿಕೊಂಡು ಮನೆಗೆ ಹೋಗಬಹುದು. ಫಿಯೋರೆ ನಿಂತಿದ್ದ ಜಾಗದಲ್ಲಿ ಅಂಥ ಏಟಿಗೆ ಎರಡು ಹೆಣ ಬೀಳುತ್ತಿದ್ದವು. ಪುಸ್ತಕದ ಎಷ್ಟೋ ಎಚ್ಚರಿಕೆಯ ಮಾತುಗಳು ಆ ಭಯದಿಂದ ಹುಟ್ಟಿದವು. ಆ ಭಯವನ್ನು ಮತ್ತೆ ತಂದುಕೊಳ್ಳುವಂತಿಲ್ಲ, ತಂದುಕೊಳ್ಳಲೂಬಾರದು. ಇಲ್ಲಿಯವರೆಗೆ ಮಾತ್ರ ಬರಬಲ್ಲೆವು ಎಂಬ ಗೆರೆಯೊಂದು ಇಲ್ಲಿದೆ, ಪ್ರಾಮಾಣಿಕ ಅಭ್ಯಾಸಿಗಳು ಅದನ್ನು ಒಪ್ಪುತ್ತಾರೆ.

ಹಾಗಾದರೆ ಪುಸ್ತಕದಿಂದ ಕಲಿಯಬಹುದೇ? ಪುಸ್ತಕವಿಲ್ಲದೆ ಆಗದೆಂದ ಫಿಯೋರೆ, ಪುಸ್ತಕದಿಂದ ಆಗದೆಂದ ನ್ಯೂರೆಂಬರ್ಗ್ ಹಸ್ತಪ್ರತಿಯ ಅನಾಮಿಕ, ಇಬ್ಬರ ಮಾತೂ ನಿಂತಿದೆ. ಇಂದಿನ ಅಭ್ಯಾಸಿಗಳು ಲೀಖ್ಟೆನಾವರನ ಪದ್ಯಗಳಿಗೆ ತಮ್ಮ ಭಾಷೆಗಳಲ್ಲಿ ಹೊಸ ವ್ಯಾಖ್ಯಾನ ಬರೆಯುತ್ತಿದ್ದಾರೆ, ರಿಂಗೆಕ್ ಆರುನೂರು ವರ್ಷಗಳ ಹಿಂದೆ ಮಾಡಿದ ಕೆಲಸವನ್ನೇ. ಬರೆದಾದ ಮೇಲೆ ಪುಸ್ತಕವನ್ನು ಪಕ್ಕಕ್ಕಿಟ್ಟು, ಕತ್ತಿ ಹಿಡಿದು ಬರುವ ಇನ್ನೊಬ್ಬರಿಗಾಗಿ ಕಾಯುತ್ತಾರೆ.